ನಡುವಿನ ಜಾಗ

ಹಳೆ ಸಾಮಾನು ಮಾರಲು ಮನೆಯಂಗಳದಲ್ಲಿ ಹಾಕಿದ್ದ ಮೇಜಿನ ಮೇಲೆ, ಮೀನಿನ ಗಾಳಗಳಿಗೂ ಹಳೆಯ ಟೋಸ್ಟರಿಗೂ ನಡುವೆ ಒರಗಿಸಿಟ್ಟಿದ್ದ ರಟ್ಟನ್ನು ಮೆರ್ಲ್ ಮತ್ತೊಮ್ಮೆ ಓದಿದ. ‘ಸಮಾಧಿ ಜಾಗ, ಒಂದು. ಬಳಸಿಲ್ಲ.’

“ನಡೀನ್, ಏನಿದು ತಮಾಷೆ?”

“ತಮಾಷೆ ಅಲ್ಲ. ನನ್ನ ಜಾಗ, ಮಾರ್ತಿದೀನಿ,” ಎಂದಳು ಅವನ ಹೆಂಡತಿ, ಕಾಫಿ ಕಪ್ಪುಗಳಿಗೆ ಬೆಲೆಯ ಚೀಟಿ ಅಂಟಿಸುತ್ತ.

“ಅದು ನಮ್ಮಮ್ಮ ಮದುವೆಗೆ ಕೊಟ್ಟ ಉಡುಗೊರೆ ಕಣೇ!”

“ಹೌದಲ್ಲ. ಬೇರೆಯವರೆಲ್ಲ ತಟ್ಟೆ ಕೊಟ್ಟರು, ಹೊದಿಕೆ ಕೊಟ್ಟರು. ನಿಮ್ಮಮ್ಮ ಗುಂಡಿ ಕೊಟ್ಟರು.”

ಅಮೆರಿಕದ ಅಯೋವಾದ ಆ ಚಿಕ್ಕ ಊರಿನ ಸ್ಮಶಾನದಲ್ಲಿ ಮೆರ್ಲ್‌ನ ಮನೆತನಕ್ಕೆ ಒಂದು ಸಾಲು ಮೀಸಲು. ಈ ತುದಿಯಲ್ಲಿ ಅವನ ಅಪ್ಪ ವೆಂಡೆಲ್ ಆಗಲೇ ಮಲಗಿದ್ದಾನೆ. ಅವನ ಪಕ್ಕ ಅಮ್ಮ ಓಪಲ್‌ಗೆ, ಅವಳ ಪಕ್ಕ ಸೊಸೆ ನಡೀನ್‌ಗೆ, ಆ ತುದಿ ಮೆರ್ಲ್‌ಗೆ. ಮೇ ತಿಂಗಳ ಕೊನೆಯಲ್ಲಿ ಊರವರೆಲ್ಲ ತಮ್ಮವರ ಸಮಾಧಿಗೆ ಹೂವಿಡಲು ಹೋದಾಗ ನಡೀನ್ ತನ್ನ ಪಾಲಿನ ಹುಲ್ಲಿನ ಮೇಲೆ ನಿಂತು ನೋಡಿದ್ದಳು. ಈ ಕಡೆ ಅತ್ತೆ, ಆ ಕಡೆ ಗಂಡ. ಅಡುಗೆಮನೆಯಲ್ಲಿ ನಿಂತ ಹಾಗೆಯೇ ಇತ್ತು. ನಾನು ಇಲ್ಲಿಗೆ ಬರುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದ್ದಳು. ಚಿಕ್ಕಂದಿನಲ್ಲಿ ಈಜು ಕಲಿತ ಸರೋವರವಿದೆ. ತನ್ನ ಬೂದಿ ಆ ನೀರಿಗೆ ಹೋಗಲಿ. ಸತ್ತ ಮೇಲಾದರೂ ಯಾರ ನಡುವೆಯೂ ಇರದೆ ಒಂದಿಷ್ಟು ಅಗಲವಾಗಿ ಹರಡಿಕೊಳ್ಳಬೇಕು.

“ಅಮ್ಮ ಈಗ ಬರ್ತಾಳೆ. ಅದನ್ನ ತೆಗೆದುಬಿಡು,” ಎಂದ ಮೆರ್ಲ್.

“ಬರಲಿ. ಅವರೂ ಓದಲಿ.”

ಅಷ್ಟರಲ್ಲಿ ಪಕ್ಕದೂರಿನ ಅಕ್ಕತಂಗಿಯರಿಬ್ಬರು ರಟ್ಟಿನ ಮುಂದೆ ಬಂದು ನಿಂತರು. ಇಬ್ಬರಿಗೂ ಎಪ್ಪತ್ತು ದಾಟಿತ್ತು. “ಒಂದೇನಾ ಇರೋದು? ನಾವು ಇಬ್ಬರು. ಒಬ್ಬಳೇ ಮಲಗೋಕೆ ಇವಳಿಗೆ ಭಯ,” ಎಂದಳು ಅಕ್ಕ ಕೋರಾ.

“ಭಯ ನಂಗಲ್ಲ, ಇವಳಿಗೆ. ಇವತ್ತಿಗೂ ದೀಪ ಆರಿಸೋಕೆ ಬಿಡಲ್ಲ,” ಎಂದಳು ತಂಗಿ.

“ಒಂದೇ ಇರೋದು. ಪಕ್ಕದ್ದು ನಮ್ಮತ್ತೇದು,” ಎಂದಳು ನಡೀನ್. ಬೆಳಗಿನಿಂದ ಆ ರಟ್ಟನ್ನು ನೋಡಿ ನಕ್ಕವರೇ ಎಲ್ಲ. ನಗದೆ ವಿಚಾರಿಸಿದವರು ಇವರೇ ಮೊದಲು. ಅವರೂ ಹೊರಡಲು ತಿರುಗಿದರು.

ನಿಂಬೆ ಶರಬತ್ತಿನ ಜಗ್ಗು ಹಿಡಿದು ಬಂದ ಓಪಲ್ ಇದೆಲ್ಲವನ್ನೂ ಅವರ ಬೆನ್ನ ಹಿಂದೆ ನಿಂತು ಕೇಳಿಸಿಕೊಂಡಿದ್ದಳು. ಜಗ್ಗನ್ನು ಮೇಜಿನ ಮೇಲಿಟ್ಟು, ಕನ್ನಡಕ ಸರಿಮಾಡಿಕೊಂಡು ರಟ್ಟನ್ನು ಓದಿದಳು.

“ಹೇಳಮ್ಮ ಇವಳಿಗೆ,” ಎಂದ ಮೆರ್ಲ್.

ಓಪಲ್ ಸೊಸೆಯನ್ನೇ ನೋಡಿದಳು. “ನಾನು ಕೊಟ್ಟದ್ದು ಇಷ್ಟ ಆಗಲಿಲ್ಲ ಅನ್ನೋಕೆ ಇಷ್ಟು ವರ್ಷ ಬೇಕಾಯ್ತೇನೆ ನಿಂಗೆ?”

“ಬೇಕಾಯ್ತು ಅತ್ತೆ. ಆದರೆ ಇನ್ನು ಮಾತು ಬದಲಾಯಿಸಲ್ಲ.” ನಡೀನ್ ಇನ್ನೊಂದು ಕಪ್ಪಿಗೆ ಚೀಟಿ ಅಂಟಿಸಿದಳು.

ಓಪಲ್ ಅಕ್ಕತಂಗಿಯರ ಕಡೆ ತಿರುಗಿದಳು. “ಎರಡು ಬೇಕಿತ್ತೇನ್ರಮ್ಮಾ? ನಂದೂ ತಗೊಳ್ಳಿ. ಪಕ್ಕಪಕ್ಕದಲ್ಲೇ ಇವೆ. ಮಧ್ಯಾಹ್ನ ನೆರಳು ಬರುತ್ತೆ.”

“ಅಮ್ಮಾ! ಅದು ಅಪ್ಪನ ಪಕ್ಕದ ಜಾಗ!”

“ಬದುಕಿದ್ದಾಗ ಪಕ್ಕದಲ್ಲೇ ಇದ್ದೆನಲ್ಲಪ್ಪ, ಸಾಲದಾ?”

“ಹಾಗಾದರೆ ನನಗೂ ಅಪ್ಪನಿಗೂ ನಡುವೆ ಗುರುತು ಪರಿಚಯ ಇಲ್ಲದ ಇಬ್ಬರು ಹೆಂಗಸರು ಮಲಗಬೇಕಾ?”

“ಗುರುತಿದ್ದೋರು ಇಬ್ಬರು ನಡುವೆ ಇದ್ದಾಗ ಏನು ಮಾತಾಡಿಕೊಂಡಿರಿ ನೀನೂ ನಿಮ್ಮಪ್ಪನೂ? ಅವರು ಅಂದದ್ದನ್ನ ನಾನು ಇವಳಿಗೆ ಹೇಳಬೇಕು, ಇವಳು ನಿಂಗೆ ಹೇಳಬೇಕು. ನೀನು ಅಂದದ್ದು ಅದೇ ದಾರೀಲಿ ವಾಪಸ್ಸು. ಟ್ರಾಕ್ಟರ್ ಮಾರೋ ಮಾತೂ ಹಾಗೇ ಆಯ್ತು. ಅವರು ತೀರಿಕೊಂಡ ದಿನ ಆಸ್ಪತ್ರೆ ಬಾಗಿಲಲ್ಲಿ ನಿಂತುಕೊಂಡು, ‘ಹೇಗಿದ್ದಾರೆ ಕೇಳು’ ಅಂತ ಇವಳನ್ನ ಒಳಗೆ ಕಳಿಸಿದೆಯಲ್ಲೋ.”

ನಡೀನ್ ಅತ್ತೆಯ ಕೈ ನೋಡಿದಳು. ಜಗ್ಗು ಹೊತ್ತು ತಂದು ಬೆರಳುಗಳು ಕೆಂಪಾಗಿದ್ದವು. ಆ ಮಾತುಗಳನ್ನೆಲ್ಲ ಹೊತ್ತವಳು ತಾನೊಬ್ಬಳೇ ಎಂದು ಅವಳು ತಿಳಿದಿದ್ದಳು. ಅವನ್ನು ತನ್ನ ತಲೆಗೆ ದಾಟಿಸುತ್ತಿದ್ದ ಅತ್ತೆಗೂ ಭಾರವಾಗಿದ್ದಿರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ.

“ಎರಡೂ ಒಟ್ಟಿಗೆ ತಗೊಳ್ತೀವಿ ಅಂದರೆ ಸ್ವಲ್ಪ ಇಳಿಸ್ತೀರಾ?” ಎಂದು ಕೋರಾ ಕೇಳಿದಳು.

“ಇಳಿಸಲ್ಲ. ಬೇಕಾದರೆ ಈ ಟೋಸ್ಟರ್ ಸುಮ್ಮನೆ ಕೊಡ್ತೀನಿ,” ಎಂದಳು ನಡೀನ್.

“ಸೋಮವಾರ ಸ್ಮಶಾನದ ಕಚೇರಿಗೆ ಬನ್ನಿ, ನಾವಿಬ್ಬರೂ ಬಂದು ಹೆಸರು ಬದಲಾಯಿಸಿ ಕೊಡ್ತೀವಿ,” ಎಂದು ಓಪಲ್ ಸೇರಿಸಿದಳು.

ಅಕ್ಕತಂಗಿಯರು ಪರಸ್ಪರ ಮುಖ ನೋಡಿಕೊಂಡು ತಲೆಯಾಡಿಸಿದರು. ತಂಗಿ ಟೋಸ್ಟರನ್ನು ಆಗಲೇ ಕಂಕುಳಲ್ಲಿ ಇರುಕಿಸಿಕೊಂಡಿದ್ದಳು. ಹೊರಡುವ ಮುಂಚೆ ಕೋರಾ ಮೆರ್ಲ್‌ನ ಹತ್ತಿರ ಬಂದಳು.

“ಇನ್ನು ನಿಮ್ಮ ತಂದೆ ಪಕ್ಕದಲ್ಲೇ ಇರಬೇಕಾದೋಳು ನಾನು. ಹೇಳಪ್ಪಾ, ಎಂಥ ಮನುಷ್ಯ ಅವರು?”

ಮೆರ್ಲ್ ಅಮ್ಮನ ಕಡೆ ನೋಡಿದ. ಓಪಲ್ ಲೋಟಗಳನ್ನು ಜೋಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ಹೆಂಡತಿಯ ಕಡೆ ನೋಡಿದ. ಅವಳೂ ಎತ್ತಲಿಲ್ಲ. ಕೋರಾ ಕಿವಿಯ ಹಿಂದೆ ಅಂಗೈ ಅಡ್ಡ ಹಿಡಿದು, ಅವನ ಬಾಯಿಯನ್ನೇ ನೋಡುತ್ತ ಕಾಯುತ್ತಿದ್ದಳು.