ಒಂದು ಮಾರು ದೂರ

ಆ ದೇಶದಲ್ಲಿ ಎಲ್ಲರ ಸೊಂಟಕ್ಕೂ ಸರ್ಕಾರಿ ಪಟ್ಟಿ ಇರುತ್ತದೆ. ಯಾರಾದರೂ ಒಂದು ಮಾರಿಗಿಂತ ಹತ್ತಿರ ಬಂದರೆ ಅದು ಕೂಗುತ್ತದೆ. ಆರು ವರ್ಷದಿಂದ ಅಲ್ಲಿರುವ ಮಹಾನಂದಾಳಿಗೆ ಈಗ ಅದರ ನೆನಪೇ ಇರುವುದಿಲ್ಲ. ಗಂಡನ ಮಟ್ಟಿಗೆ ಕಾಯಂ ಪರವಾನಗಿ ಇದೆ; ವರ್ಷಕ್ಕೊಮ್ಮೆ ನವೀಕರಿಸಬೇಕು, ಅಷ್ಟೆ.

ಅವಳಿಗೀಗ ಏಳು ತಿಂಗಳು. ಉಡಿ ತುಂಬಲೆಂದೇ ಧಾರವಾಡದಿಂದ ಅಕ್ಕ ಕಾಶವ್ವ ಬಂದಿದ್ದಳು. ಅರ್ಜಿ ಹಾಕಿ ಒಂಬತ್ತು ದಿನ ಕಾದ ಮೇಲೆ ಅಕ್ಕ ತಂಗಿಗೆ ಹತ್ತಿರ ಬರಲು ಹತ್ತು ನಿಮಿಷ ಮಂಜೂರಾಯಿತು. ಮರುದಿನವೇ ಅಕ್ಕನ ವಿಮಾನ.

ಹತ್ತು ನಿಮಿಷ ಶುರುವಾಗಿ ಇಬ್ಬರ ಪಟ್ಟಿಗಳೂ ಬಂದಾದವು. ಕಾಶವ್ವ ಅಕ್ಕಿ, ಕೊಬ್ಬರಿ, ಖಣ ಇಟ್ಟ ಮೊರ ಹಿಡಿದು ಮುಂದೆ ಬಂದಳು. ಸೆರಗೊಡ್ಡಿ ನಿಂತಿದ್ದ ಮಹಾನಂದಾ ಒಂದು ಹೆಜ್ಜೆ ಹಿಂದೆ ಸರಿದಳು. ಅಕ್ಕ ಇನ್ನೊಂದು ಹೆಜ್ಜೆ ಇಟ್ಟಳು, ತಂಗಿ ಇನ್ನೊಂದು ಸರಿದಳು. ಹೀಗೆ ಇಬ್ಬರೂ ಊಟದ ಮೇಜಿಗೆ ಎರಡು ಸುತ್ತು ಹಾಕಿದರು.

“ನಾ ಉಡಿ ತುಂಬಾಕ ಬಂದೀನೋ, ಕೋಳಿ ಹಿಡ್ಯಾಕ ಬಂದೀನೋ?”

“ಬೇಕಂತ ಸರ್ಯಾಕತ್ತಿಲ್ಲಕ್ಕಾ. ಕಾಲು ತಾವ ಹೋಗ್ತಾವ.”

“ಎಷ್ಟ ನಿಮಿಷ ಉಳದಾವ?”

“ನಾಕು.”

ಕಾಶವ್ವ ಸುಸ್ತಾಗಿ ಕೋಣೆಯನ್ನೊಮ್ಮೆ ನೋಡಿದಳು. “ಹಂಗಾರ ಆ ಗ್ವಾಡಿಗೆ ಬೆನ್ನ ಹಚ್ಚಿ ನಿಂದರು. ಸರ್ಯಾಕ ಜಾಗಾನ ಇರಬಾರ್ದು.”

ಮಹಾನಂದಾ ಹಾಗೆಯೇ ನಿಂತಳು. ಮೊದಲ ಹಿಡಿ ಅಕ್ಕಿ ಸೆರಗಿಗೆ ಬಿದ್ದಾಗ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಐದನೆಯ ಹಿಡಿ ಬೀಳುವ ಹೊತ್ತಿಗೆ ಅವಳ ಬೆನ್ನಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗವಿತ್ತು.