ನಿದ್ದೆಯಲ್ಲಿ ಮರೆತದ್ದು

ಕರೆಂಟು ಉಳಿಸಲೆಂದು ಮಲಗಿಸಿ, ನಿದ್ದೆಯಿಂದ ಎಬ್ಬಿಸಿದ ಮೆಮೊರಿ ಚಿಪ್ ತಾನು ನೆನಪಿಟ್ಟುಕೊಳ್ಳಬೇಕಿದ್ದ ಅಂಕಿಗಳನ್ನು ತಪ್ಪಾಗಿ ತೋರಿಸಿತು. ಜಯನಗರದ ಲ್ಯಾಬಿನಲ್ಲಿ ಲತಾಮಣಿ ಇನ್ನೊಮ್ಮೆ ವೋಲ್ಟೇಜ್ ಇಳಿಸಿ ಅದನ್ನು ಮಲಗಿಸಿ, ಏರಿಸಿ ಎಬ್ಬಿಸಿ ನೋಡಿದಳು. ಈ ಸಲವೂ ತಪ್ಪೇ. ರೋಗಿಯ ಎದೆಗೆ ಅಂಟಿಸುವ ಪುಟ್ಟ ಯಂತ್ರಕ್ಕೆಂದು ಮಾಡಿದ ಮೆಮೊರಿ ಅದು. ಅದು ಮರೆತರೆ ಹೃದಯ ಬಡಿದ ದಾಖಲೆಯೇ ಅಳಿಸಿಹೋಗುತ್ತದೆ.

ವೋಲ್ಟೇಜ್ ತೀರಾ ಇಳಿಯದಂತೆ ತಡೆಯುವ ಕಾವಲು ಸರ್ಕ್ಯೂಟು ಮೊದಲು ಮೆಮೊರಿಯ ಪ್ರತಿ ಸಾಲಿಗೂ ಒಂದೊಂದಿತ್ತು. ಜಾಗವೂ ಕರೆಂಟೂ ಉಳಿಯಲೆಂದು ಅವಳೇ ಹಟ ಹಿಡಿದು ಅವನ್ನೆಲ್ಲ ತೆಗೆಸಿದ್ದಳು. ತೆಗೆಯುವುದು ಬೇಡವೆಂದು ವಾದಿಸಿದ ಸುಭಾಷನನ್ನು, ಇವನದು ಯಾವಾಗಲೂ ಅಡ್ಡಗಾಲು ಎಂದು ಬೇರೆ ತಂಡಕ್ಕೆ ಹಾಕಿಸಿದ್ದಳು. ಅವನು ಬೇಸತ್ತು ಕೆಲಸವನ್ನೇ ಬಿಟ್ಟಿದ್ದ.

ಈಗ ಅವನಿಗೇ ಫೋನ್ ಮಾಡಿದಳು. "ನೀನು ಹೇಳಿದ ಹಾಗೇ ಆಯ್ತು ಸುಭಾಷ್. ಎಲ್ಲಾ ಮರೆತುಹೋಗ್ತಿದೆ."

"ಬಿಟ್ಟು ಹೋಗೋ ದಿನ ನಿಮ್ಮ ಕ್ಯಾಬಿನ್‌ಗೆ ಬಂದಿದ್ನಲ್ಲ ಮೇಡಂ, ಅದು ಜಗಳ ಆಡೋಕಲ್ಲ. ಜಾಗ ಉಳಿಸ್ಬೇಕು ಅಂತ ನೀವು ಹೇಳಿದ್ದೂ ಸರೀನೇ. ನಾಲ್ಕು ಸಾಲಿಗೆ ಒಂದೇ ಕಾವಲು ಸಾಕಾಗೋ ಹಾಗೆ ಒಂದು ದಾರಿ ಹುಡುಕಿದ್ದೆ. ಅದನ್ನ ತೋರಿಸೋಣ ಅಂತ ಬಂದಿದ್ದೆ."

ಅಂದು ಅವನಿಗೆ ಕೂರಲೂ ಹೇಳದೆ, ಪರದೆಯಿಂದ ಕಣ್ಣೂ ಎತ್ತದೆ, ಆಮೇಲೆ ನೋಡೋಣ ಎಂದದ್ದು ಅವಳಿಗೆ ನೆನಪಾಯಿತು.

"ಈಗ ಬಂದು ತೋರಿಸ್ತೀಯಾ?"

"ಬರ್ತಿದ್ದೆ ಮೇಡಂ," ಎಂದ ಅವನು ಮೆತ್ತಗೆ. "ಆದ್ರೆ ಹೊಸ ಕಂಪನೀಲಿ ಅದನ್ನೇ ಮಾಡ್ತಿದೀನಿ. ಈಗ ಅದು ಇವರದ್ದು."