ನೋಹೆಮನ ಟೋಪಿ

ಮಗುವಿನ ಹೊಕ್ಕುಳು ಇನ್ನೂ ಒಣಗಿರಲಿಲ್ಲ, ಆಗಲೇ ಬಾಣಂತಿಯ ಕೋಣೆಯ ಮುಂದೆ ಜನ ಹೆಸರು ಹಿಡಿದುಕೊಂಡು ಸಾಲು ನಿಂತರು. ಒಬ್ಬ ಹಾಲುಪುಡಿಯ ಡಬ್ಬಿ ತಂದ, ಇನ್ನೊಬ್ಬಳು ಅಮೆರಿಕದ ಸೈನಿಕರು ಕೊಟ್ಟ ಚಾಕೊಲೇಟು ತಂದಳು. ಎಲ್ಲರದೂ ಒಂದೇ ಬೇಡಿಕೆ: ಕೂಸಿಗೆ ನಮ್ಮ ಅಪ್ಪನ ಹೆಸರಿಡಿ, ನಮ್ಮ ತಮ್ಮನ ಹೆಸರಿಡಿ. ಯುದ್ಧ ಮುಗಿದು ವರ್ಷವಾಗಿತ್ತು. ನಾಜಿಗಳ ಕೈಯಿಂದ ಜೀವ ಉಳಿಸಿಕೊಂಡ ಯಹೂದಿಗಳೆಲ್ಲ ಜರ್ಮನಿಯ ಬವೇರಿಯಾದ ಆ ಹಳೆಯ ಸೈನಿಕ ವಸತಿಯಲ್ಲಿ ಬಂದು ಸೇರಿದ್ದರು, ಅಲ್ಲಿ ಹುಟ್ಟಿದ ಮೊದಲ ಗಂಡುಕೂಸು ಇದು. ಕೂಸು ಒಂದು, ಹೆಸರು ಊರು ತುಂಬ.

ಬಾಗಿಲು ಕಾಯುತ್ತಿದ್ದವಳು ಝೆಲ್ಡಾ. ಬಾಣಂತಿ ಫ್ರೈಡಾ ಅವಳಿಗೆ ಹುಟ್ಟಿನಿಂದ ಏನೂ ಆಗಬೇಕಿರಲಿಲ್ಲ. ಆದರೆ ನಾಜಿಗಳ ಸಾವಿನ ಶಿಬಿರದಲ್ಲಿ ಒಂದೇ ಹಲಗೆಯ ಮೇಲೆ ಮಲಗಿ ಎದ್ದವರಿಗೆ ಬೇರೆ ನೆಂಟಸ್ತಿಕೆ ಯಾಕೆ ಬೇಕು? ಝೆಲ್ಡಾಳ ನಾಲಿಗೆ ಚೂರಿಯಂಥದು. ಬಂದವರನ್ನೆಲ್ಲ ಅರ್ಧ ನಗಿಸಿ ಅರ್ಧ ಗದರಿಸಿ ಅಟ್ಟುತ್ತಿದ್ದಳು. ಅಟ್ಟಿದರೂ ಹೋಗದವನು ಟೋಪಿ ಹೊಲಿಯುವ ಕೊಪೆಲ್ ಒಬ್ಬನೇ. ಹೆಂಡತಿ ಮಕ್ಕಳು ಯಾರೂ ಉಳಿಯದ ಮನುಷ್ಯ, ಅಂಗೈಯಲ್ಲಿ ಅಡಗುವಷ್ಟು ಪುಟ್ಟದೊಂದು ಟೋಪಿ ಹಿಡಿದು ದಿನಾ ಹಾಜರಾಗುತ್ತಿದ್ದ.

“ಮತ್ತೆ ಬಂದ್ರಾ? ಫ್ರೈಡಾಳ ಗಂಡ ಮೊಟಲ್ ತನ್ನ ಅಪ್ಪನ ಹೆಸರೇ ಇಡ್ತಾನಂತೆ ಅಂತ ನಿನ್ನೇನೇ ಹೇಳಿದೆನಲ್ಲ. ಆ ಟೋಪಿ ಜೇಬಿಗೆ ಹಾಕ್ಕೊಳ್ಳಿ, ಲಂಚ ತಗೊಳ್ಳಲ್ಲ.”

“ಇಡಲಿ ಬಿಡಿ. ಅದರ ಹಿಂದೆ ಇನ್ನೊಂದು ಸೇರಿಸಿದ್ರೆ ಆಯ್ತಲ್ಲ. ನನ್ನ ಮಗ ನೋಹೆಮ್ ತೀರಾ ಚಿಕ್ಕೋನು. ಅವನಿಗೆ ಜಾಸ್ತಿ ಜಾಗ ಏನೂ ಬೇಡ.”

ಆ ದಿನ ಝೆಲ್ಡಾ ಅವನನ್ನು ಗದರಿಸಲಿಲ್ಲ. ನಮ್ಮ ಯಹೂದಿಗಳಲ್ಲಿ ಬದುಕಿರುವವರ ಹೆಸರನ್ನು ಮಗುವಿಗೆ ಇಡುವುದಿಲ್ಲ. ಯಾರದಾದರೂ ಹೆಸರಿಡಿ ಎಂದು ಕೇಳಿದರೆ, ಅವರು ಇನ್ನು ಬರುವುದಿಲ್ಲವೆಂದು ನಾವೇ ಬಾಯಿಬಿಟ್ಟು ಒಪ್ಪಿದಂತೆ. ಆ ಮಹಡಿಯಲ್ಲಿ ಫ್ರೈಡಾಳ ಮುಂದೆ ಯಾವ ಹೆಸರನ್ನೂ ತಾರದವಳು ಝೆಲ್ಡಾ ಒಬ್ಬಳೇ. ಆ ಶಿಬಿರದ ಮುಂದೆ ರೈಲಿನಿಂದ ಇಳಿದಾಗ ನಾಜಿಗಳು ಅವಳ ಕೈಯಿಂದ ಕಿತ್ತುಕೊಂಡು ಹೋದ ಮಗಳ ಹೆಸರು ಅಂದಿನಿಂದ ಅವಳ ತುಟಿ ದಾಟಿರಲಿಲ್ಲ. ದಾಟಿದರೆ ಅಲ್ಲಿಗೆ ಎಲ್ಲ ಮುಗಿಯಿತೆಂದು ಅವಳ ಹೆದರಿಕೆ.

ಎಂಟನೆಯ ದಿನ ಸುನ್ನತಿ, ಅದರ ಹಿಂದೆಯೇ ನಾಮಕರಣ. ಊಟದ ಕೋಣೆಯಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಮೊಟಲ್ ಧರ್ಮಗುರು ರಬ್ಬಿಯ ಕಿವಿಯಲ್ಲಿ ಹೆಸರು ಹೇಳಿದ, ರಬ್ಬಿ ಗಟ್ಟಿಯಾಗಿ ಕೂಗಿದರು. ಒಂದೇ ಹೆಸರು, ಮೊಟಲ್‌ನ ಅಪ್ಪನದು. ಕೂಸು ಕಿರುಚಿತು, ಜನ ಅದಕ್ಕಿಂತ ಜೋರಾಗಿ ಕಿರುಚಿದರು. ಉಪ್ಪುಮೀನು ಬಂತು, ಎಲ್ಲಿಂದಲೋ ಆಲೂಗಡ್ಡೆಯ ಸಾರಾಯಿಯೂ ಬಂತು. ತಂತಿ ಕಡಿಮೆಯಿದ್ದ ಪಿಟೀಲು ಶುರುವಾದದ್ದೇ ತಡ, ನಿನ್ನೆಯವರೆಗೆ ಮೆಟ್ಟಿಲು ಹತ್ತಲಾರೆನೆನ್ನುತ್ತಿದ್ದವರೂ ಬೆಂಚು ಏರಿ ಕುಣಿದರು. ಝೆಲ್ಡಾ ಕುಣಿದು ಬೆವರಿ, ಒಂದು ಗುಟುಕು ಏರಿಸಿ ನೋಡಿದರೆ, ಕೊಪೆಲ್ ಮೂಲೆಯಲ್ಲಿ ಟೋಪಿ ಹಿಡಿದು ನಿಂತಿದ್ದ.

“ಏನ್ರೀ, ಹರಳೆಣ್ಣೆ ಕುಡಿದೋರ ಥರ ಮುಖ ಮಾಡ್ಕೊಂಡಿದ್ದೀರಿ?”

“ಮೇಲಿನ ಮಹಡಿಯಲ್ಲಿ ಒಬ್ಬರಿಗೆ ತಿಂಗಳು ತುಂಬ್ತಿದೆಯಂತೆ. ಅಲ್ಲಿ ಕೇಳೋಣ ಅಂತಿದ್ದೆ.”

“ಕಂಡೋರ ಮಕ್ಕಳಿಗೆಲ್ಲ ಎಷ್ಟು ದಿನ ಅರ್ಜಿ ಹಾಕ್ತೀರಿ? ಅಷ್ಟು ಆಸೆ ಇದ್ರೆ ನೀವೇ ಒಂದು ಮದುವೆ ಮಾಡ್ಕೊಳ್ಳಿ.”

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಕೊಪೆಲ್ ನಗಲಿಲ್ಲ. “ಹೆಸರು ಕೇಳೋಕೆ ಒಂದು ಸಲ ಬಂದಿದ್ರೆ ಸಾಕಾಗ್ತಿತ್ತು ಝೆಲ್ಡಾ. ದಿನಾ ಯಾಕೆ ಬಂದೆ ಅಂದ್ಕೊಂಡ್ರಿ?”

ಝೆಲ್ಡಾಳ ಕಿವಿ ಬಿಸಿಯಾಯಿತು. ಅಷ್ಟೂ ಸದ್ದಿನ ನಡುವೆ ಕೊಪೆಲ್ ಸ್ವಲ್ಪ ಹತ್ತಿರ ಬಾಗಿ ಕೇಳಿದ.

“ನನ್ನ ಹತ್ರ ನೋಹೆಮ್ ಇದ್ದಾನೆ. ನಿಮ್ಮ ಹತ್ರ ಯಾರಿದ್ದಾರೆ?”

ಝೆಲ್ಡಾಳಿಗೆ ಓಡಿಹೋಗೋಣ ಅನ್ನಿಸಿತು. ಆಚೆ ಫ್ರೈಡಾಳ ತೊಡೆಯ ಮೇಲೆ ಕೂಸು ಅತ್ತು ಅತ್ತು ಕೆಂಪಾಗಿತ್ತು. ಸತ್ತ ಅಜ್ಜನ ಹೆಸರಿನಿಂದ ಆಗಲೇ ಹತ್ತು ಜನ ಅದನ್ನು ಲಲ್ಲೆಗರೆದು ಕರೆಯುತ್ತಿದ್ದರು. ಝೆಲ್ಡಾ ನೋಡುತ್ತಲೇ ನಿಂತಳು.

“ಪೆರೆಲೆ,” ಎಂದಳು. ಮಗಳ ಹೆಸರು ಹೇಳಿಯೇಬಿಟ್ಟಿದ್ದಳು. ಕಣ್ಣೀರು ದಳದಳ ಇಳಿಯಿತು, ಆದರೆ ಪಿಟೀಲು ನಿಲ್ಲಲಿಲ್ಲ.

ಕೊಪೆಲ್ ಆ ಹೆಸರನ್ನು ಮೆಲ್ಲಗೆ ತಾನೂ ಒಮ್ಮೆ ಅಂದ. “ಸರಿ ಹಾಗಾದ್ರೆ. ನಮಗೆ ಹೆಣ್ಣಾದ್ರೆ ಪೆರೆಲೆ, ಗಂಡಾದ್ರೆ ನೋಹೆಮ್.”

ಝೆಲ್ಡಾ ಅಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡಳು. ಅವನ ಕೈಯಿಂದ ಪುಟ್ಟ ಟೋಪಿಯನ್ನು ಕಿತ್ತುಕೊಂಡು, ಒಳಹೊರಗು ಮಾಡಿ, ಹೊಲಿಗೆಯನ್ನು ಎಳೆದೆಳೆದು ನೋಡಿದಳು.

“ಅವಳಿ ಆದ್ರೆ?” ಎಂದಳು. “ಒಂದೇ ಹೊಲಿದಿದ್ದೀರಲ್ಲ.”